ಅಂಬ್ರಪ್ಪ ಚೆಲ್ಲಿದ ಚರಗ

ಯಾದಗಿರಿ ಪಟ್ಟಣ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಗೆ ಪುರಸಭೆಯವರಿಗಿಂತ ಖಚಿತವಾದ ಉತ್ತರ ಅಂಬ್ರಪ್ಪನ ಹತ್ತಿರ ಇತ್ತು. ತನ್ನ ಮನೆಯ ಮುಂದಿನ ನಳಕ್ಕೆ. ಅದೇ ಊರಿನ ಕಟ್ಟಕಡೆಯ ನಳ. ಅದರಾಚೆ ಒಂದು ಮುಳ್ಳುಬೇಲಿ, ಬೇಲಿಯಾಚೆ ಹತ್ತಿ ಹೊಲ, ಹೊಲದಾಚೆ ಹಿಂದೂಸ್ತಾನದ ಸಮಸ್ತ ಹಳ್ಳಿಗಳು. ಅವನು ಬಾಡಿಗೆಗೆ ಹಿಡಿದ ಒಂದೂವರೆ ಖೋಲಿಯ ಮನೆ ಬೇಲಿಯ ಈಚೆಗೆ ಬಿದ್ದದ್ದರಿಂದ ಅಂಬ್ರಪ್ಪ ಟೌನಿನವನಾಗಿದ್ದ. (ಒಮ್ಮೆ ಗಾಳಿಗೆ ಆ ಬೇಲಿ ಬಿದ್ದುಹೋದಾಗ ಹೊಲದವನಿಗಿಂತ ಮೊದಲು ಓಡಿಹೋಗಿ ನಿಲ್ಲಿಸಿದವನು ಇವನೇ.)

ಆ ಕಾಲಕ್ಕೆ, ಅಂದರೆ ಕೃಷ್ಣೆಯ ನೀರು ಕೆನಾಲಿಗೆ ಬಿಟ್ಟ ಹೊಸದರಲ್ಲಿ, ಈ ಸೀಮೆಯಲ್ಲಿ ದೊಡ್ಡಸ್ತಿಕೆಗೂ ಒಂದು ಇಳಿಜಾರು ಇತ್ತು. ರೈಲು ನಿಲ್ಲುವ ಊರು ನಮ್ಮದೆಂದು ಯಾದಗಿರಿಯವರು ಶಹಾಪುರದವರನ್ನು ಕಂಡರೆ ಮೂಗು ಮುರಿಯುವರು. ನಮ್ಮ ಗುಡ್ಡದಲ್ಲಿ ಬುದ್ಧ ಮಲಗಿದ್ದಾನೆಂದು ಶಹಾಪುರದವರು ಸುರಪುರದವರನ್ನು ಕಂಡರೆ. ನಮ್ಮದು ಅರಸರ ಊರೆಂದು ಸುರಪುರದವರು ಪಕ್ಕದ ರಂಗಂಪೇಟೆಯವರನ್ನು ಕಂಡರೆ. ನಮ್ಮ ಹೆಸರಲ್ಲೇ ಪೇಟೆ ಇದೆಯೆಂದು ರಂಗಂಪೇಟೆಯವರು ತಿಂಥಣಿ ಕಡೆಯವರನ್ನು ಕಂಡರೆ. ತಿಂಥಣಿಯವರು ಹೊಳೆಯ ಆಚೆ ದಂಡೆಯವರನ್ನು ಕಂಡರೆ. ಆಚೆ ದಂಡೆಯವರು ಯಾರನ್ನು ಕಂಡರೆ ಮೂಗು ಮುರಿಯುತ್ತಾರೆಂದು ಕೇಳಿ ಬರಲು ಈಚೆಯವರು ಯಾರೂ ಹೊಳೆ ದಾಟಿರಲಿಲ್ಲ. ಕೆನಾಲಿನ ನೀರು ಕೂಡ ಇಷ್ಟು ಶಿಸ್ತಾಗಿ ಮೇಲಿಂದ ಕೆಳಗೆ ಹರಿಯುತ್ತಿರಲಿಲ್ಲ.

ಅಂಬ್ರಪ್ಪ ಮಹಾದೇವಪ್ಪ ಸಾವ್ಕಾರರ ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತ. ಯೂರಿಯಾ ಚೀಲಕ್ಕೆಂದು ಹಳ್ಳಿಗಳಿಂದ ಬಂದ ಮಂದಿ ಸರತಿ ಬರುವ ತನಕ ಅಂಗಡಿಯ ಕಟ್ಟೆಯ ಮೇಲೆ ಕೂತು, ಗಂಟು ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರು. ಅವರಿಗೆ ಅಂಬ್ರಪ್ಪ ಒಂದು ಹೆಸರಿಟ್ಟಿದ್ದ: ಬುತ್ತಿ ಮಂದಿ. ಹೆಸರು ಗಂಜ್ ಮಾರುಕಟ್ಟೆಯ ಅಂಗಡಿಗಳಲ್ಲೆಲ್ಲ ಓಡಾಡಿತು. ಅದು ತನ್ನ ಸ್ವಂತ ಸೃಷ್ಟಿಯೆಂದು ಸಾಬೀತು ಮಾಡಲು ಅವನು ನಾಲ್ಕು ಜನರಿಗೆ ಚಹಾ ಕುಡಿಸಿದ್ದೂ ಉಂಟು. ಹಳ್ಳಿಯವರೇನು ಸುಮ್ಮನೆ ಕೂಡಲಿಲ್ಲ. ನಸುಕಿನಲ್ಲಿ ಕೊಡ ಹಿಡಿದು ಸಾಲು ನಿಂತು, ಒಂದು ಬೊಗಸೆ ನೀರಿಗೆ ಒಬ್ಬರ ಮನೆತನ ಎತ್ತಿ ಇನ್ನೊಬ್ಬರು ಬೈಯುವ ಟೌನಿನವರಿಗೆ ಅವರು 'ನಳದವರು' ಎಂದು ಹೆಸರಿಟ್ಟರು. ಎರಡೂ ಕಡೆ ಸರಿಸಮ ಆಯಿತು.

ಈ ಯುದ್ಧದಲ್ಲಿ ಅಂಬ್ರಪ್ಪನಿಗೆ ಇದ್ದ ತೊಡಕು ಒಂದೇ, ಅವನ ಹೆಂಡತಿ. ಶೇಖಮ್ಮ ಸುರಪುರ ದಾಟಿ ತಿಂಥಣಿ ರಸ್ತೆಯ ಒಂದು ಹಳ್ಳಿಯವಳು. ಗಂಡನ ಶಾಸ್ತ್ರದ ಪ್ರಕಾರ ಅಪ್ಪಟ ಬುತ್ತಿ. ಮದುವೆಯಾದ ಹೊಸದರಲ್ಲೇ ಅವನು ಅವಳಿಗೆ ಟೌನಿನ ಮಾತು ಕಲಿಸಲು ತೊಡಗಿದ. ಓಣಿಗೆ ಕೇಳುವಂತೆ ಮಾತಾಡಬಾರದು. ಮಾತಿನ ನಡುನಡುವೆ 'ಅಂದರೆ' ಎನ್ನುವ ಬದಲು 'ಮತಲಬ್' ಅನ್ನಬೇಕು. ಯಾರು ಏನೇ ಹೇಳಿದರೂ ಮೊದಲು 'ಬರೋಬ್ಬರಿ' ಅಂದು ಆಮೇಲೆ ವಿಚಾರ ಮಾಡಬೇಕು. ಶೇಖಮ್ಮ ಬೇಗ ಕಲಿತಳು. ಸಂಬಳದ ದಿನ ಅವನು ತಡಮಾಡಿ ಬಂದರೆ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ, "ಮತಲಬ್ ಎಲ್ಲಿ ಹಾಳಾಗಿ ಹೋಗಿದ್ರಿ" ಎಂದು ಕೇಳುತ್ತಿದ್ದಳು.

ಅವನ ಟೌನಿನ ಹೆಮ್ಮೆಯನ್ನು ಅವಳು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

"ನಿಮ್ಮಪ್ಪ ಗುರುಮಠಕಲ್ ಕಡಿಂದ ಎಮ್ಮಿ ಹೊಡ್ಕೊಂಡು ಈ ಊರಿಗಿ ಬಂದಾನಂತ ನಮ್ಮತ್ತಿನೇ ಹೇಳ್ಯಾಳ."

"ಎಮ್ಮಿ ಮಾರಿಬಿಟ್ನಲ್ಲ. ಮಾರಿದ ದಿನದಿಂದ ನಾವು ಟೌನಿನವರು."

"ಬರೋಬ್ಬರಿ. ಎಮ್ಮಿ ಹೋತು, ಬುದ್ಧಿ ಅಷ್ಟ ಉಳಿತು."

ಇಷ್ಟಾಗಿದ್ದರೆ ಸಂಸಾರ ಸಾಗುತ್ತಿತ್ತು. ಆದರೆ ಕಾರಹುಣ್ಣಿಮೆಯ ಸುಮಾರಿಗೆ ಶೇಖಮ್ಮನ ಅಣ್ಣ ಮಲ್ಕಪ್ಪ ಗೊಬ್ಬರಕ್ಕೆಂದು ಅಂಗಡಿಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತಂಗಿಗೆ ತಂದ ಶೇಂಗಾದ ಗಂಟು. ಅಂಗಡಿಯಲ್ಲಿ ಆಗ ಹೈದರಾಬಾದಿನಿಂದ ಬಂದ ಕಂಪನಿಯವರು ಕೂತಿದ್ದರು. ಇವರ್ಯಾರು ಎಂದು ಅವರು ಕೇಳಿದ್ದಕ್ಕೆ ಅಂಬ್ರಪ್ಪ ತಲೆ ಎತ್ತದೆ, ಯಾರೋ ಬುತ್ತಿ ಮಂದಿ, ಗೊಬ್ಬರಕ್ಕ ಬಂದಾರ ಅಂದುಬಿಟ್ಟ. ಮಲ್ಕಪ್ಪ ಶೇಂಗಾದ ಗಂಟು ಕಟ್ಟೆಯ ಮೇಲೆ ಇಟ್ಟು, ಗೊಬ್ಬರ ಕೊಳ್ಳದೆ, ಬಂದ ಬಸ್ಸಿಗೇ ತಿರುಗಿ ಹೋದ. ಆ ಶೇಂಗಾ ಮನೆಗೆ ಹೊತ್ತು ತಂದ ಸಂಜೆ ಅಂಬ್ರಪ್ಪನಿಗೆ ಆದದ್ದನ್ನು ಇಲ್ಲಿ ವರ್ಣಿಸುವುದು ಬೇಡ. ಅವತ್ತು ಶೇಖಮ್ಮ ಒಂದು ಸಲವೂ ಬರೋಬ್ಬರಿ ಅನ್ನಲಿಲ್ಲ, ಅಷ್ಟು ಸಾಕು.

ಹೀಗಿರುವಾಗ ಸಾವ್ಕಾರರು ಶಹಾಪುರದಲ್ಲಿ ಹೊಸ ಅಂಗಡಿ ತೆಗೆಯುವ ಸುದ್ದಿ ಹುಟ್ಟಿತು. ಗಲ್ಲಾದ ಮೇಲೆ ಕೂಡಲು ನಂಬಿಕೆಯ ಒಬ್ಬ ಮನುಷ್ಯ ಬೇಕು. ಅಂಗಡಿಯ ಮಾಳಿಗೆಯ ಮೇಲೆ ಎರಡು ಖೋಲಿಯ ಮನೆ. ಮನೆಯೊಳಗೇ ನಳ. ಮೊದಲಿನ ಎರಡು ವಿಷಯ ಅಂಬ್ರಪ್ಪನ ನಿದ್ದೆ ಕೆಡಿಸಿದವು. ಕೊನೆಯದು ಶೇಖಮ್ಮನ ನಿದ್ದೆ ಕೆಡಿಸಿತು. ಶಹಾಪುರ ಇಳಿಜಾರಿನಲ್ಲಿ ಒಂದು ಮೆಟ್ಟಿಲು ಕೆಳಗೆ ಅನ್ನುವುದನ್ನು ಕೂಡ ಅಂಬ್ರಪ್ಪ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ. ಆದರೆ ಸಾವ್ಕಾರರು ಯಾರ ಹೆಸರನ್ನೂ ಬಾಯಿ ಬಿಡಲಿಲ್ಲ.

ಎಳ್ಳ ಅಮಾವಾಸ್ಯೆ ಹತ್ತಿರ ಬಂತು. ಈ ಸೀಮೆಯಲ್ಲಿ ಆ ದಿನ ದೊಡ್ಡಸ್ತಿಕೆಯ ಇಳಿಜಾರು ತಿರುವುಮುರುವಾಗುತ್ತದೆ. ಹೊಲ ಇದ್ದವರು ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂಡಿ ಹೂಡಿ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿ, ಅಡಿಗೆಯನ್ನೆಲ್ಲ ಕಲಸಿ ಬೆಳೆಯ ಸುತ್ತ ಚೆಲ್ಲುತ್ತಾರೆ. ಅದೇ ಚರಗ, ಬಸಿರಿ ಭೂಮಿಗೆ ಬಯಕೆಯ ಊಟ. ಮುಂದೆ ಒಬ್ಬ ಚೆಲ್ಲುತ್ತಾ ಕೂಗು ಹಾಕಿದರೆ ಹಿಂದೆ ಒಬ್ಬರು ನೀರು ಹಾಕುತ್ತಾ ಅದಕ್ಕೆ ಉತ್ತರ ಕೂಗುತ್ತಾರೆ. ಆ ದಿನ ಟೌನಿನಲ್ಲಿ ಉಳಿದವನೆಂದರೆ ಯಾವ ಹೊಲದಿಂದಲೂ ಕರೆ ಬರದ ಮನುಷ್ಯ. ವರ್ಷವೆಲ್ಲ ಬುತ್ತಿಯನ್ನು ಕಂಡು ನಕ್ಕವನು ಆ ದಿನ ಯಾರಾದರೂ ಬುತ್ತಿಗೆ ಕರೆದಾರೇ ಎಂದು ಬಾಗಿಲಲ್ಲಿ ನಿಲ್ಲುತ್ತಾನೆ.

ಸಾವ್ಕಾರರು ಪ್ರತಿ ವರ್ಷ ಈ ಹಬ್ಬಕ್ಕೆ ಹೋಗುತ್ತಿದ್ದ ಗೆಳೆಯರ ಮನೆಯಲ್ಲಿ ಆ ಸಲ ಸೂತಕ. ಅವರ ಹೆಂಡತಿ ಕಲ್ಯಾಣಮ್ಮನವರು ಹೊಲ ಕಾಣದೆ ಹಬ್ಬ ಮಾಡುವವರಲ್ಲ. ಸಾವ್ಕಾರರು ಅಂಗಡಿಯಲ್ಲಿ ಕೂತು, ನಿನಗೇನಾದರೂ ಹೊಲ ಅದ ಏನೋ ಅಂಬ್ರಪ್ಪ, ಎಂದು ಕೇಳಿದರು. ಇಲ್ಲ ಅನ್ನುವುದು ಎರಡಕ್ಷರದ ಕೆಲಸ. ಆದರೆ ಅವರು ಅದರ ಹಿಂದೆಯೇ ಇನ್ನೊಂದು ಮಾತು ಸೇರಿಸಿದರು.

"ಶಾಪುರದ ಗಲ್ಲಾಕ್ಕ ಮಣ್ಣಿನ ವಾಸನಿ ಗೊತ್ತಿದ್ದವ ಬೇಕು ನೋಡು. ರೈತರ ಕೂಡ ನೀ ಹೆಂಗ ಇರ್ತಿ, ಹೊಲದಾಗ ನೋಡಿ ಫೈಸಲಾ ಮಾಡ್ತೀನಿ."

"ಅದ್ರಿ ಹೊಲ," ಅಂದ ಅಂಬ್ರಪ್ಪ. "ಕೆನಾಲ ದಂಡಿಗೇ ಅದ್ರಿ. ಜ್ವಾಳ ಆಳುದ್ದ ನಿಂತಾವ."

ಅವನು ಮಾತಾಡಿದ್ದು ಮಲ್ಕಪ್ಪನ ಹೊಲದ ಬಗ್ಗೆ. ಅದನ್ನು ಅವನು ಕಣ್ಣಿಂದ ನೋಡಿದವನಲ್ಲ. ಹೆಂಡತಿಯ ಊರಿಗೆ ಹೋದಾಗಲೆಲ್ಲ ಬೂಟಿಗೆ ಎರೆಮಣ್ಣು ಹತ್ತುತ್ತದೆಂದು ಊರ ಅಗಸಿಬಾಗಿಲು ದಾಟಿ ಹೊಲದ ಕಡೆ ಹೋಗಿರಲಿಲ್ಲ.

ಸಂಜೆ ಶೇಖಮ್ಮನ ಮುಂದೆ ಈ ವಿಷಯ ಬಿಚ್ಚಿಟ್ಟು, ಅಣ್ಣನಿಗೆ ಒಂದು ಮಾತು ಹೇಳಿ ಕಳಿಸು ಎಂದು ಕೇಳಿಕೊಂಡ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅಂಗಡಿಯೊಳಗೆ ಗುರುತು ಸಿಗದವನು ಹೊಲದೊಳಗೆ ಗುರುತು ಸಿಕ್ಕನೇನು ಎಂದು ಕೇಳಿದಳು. ನೀವೇ ಹೋಗಿ, ನಿಮ್ಮ ಬಾಯಿಂದಲೇ ಕೇಳಬೇಕು ಎಂದಳು. ಅಂಬ್ರಪ್ಪ ಇಜ್ಜತ್ತಿನ ಪ್ರಶ್ನೆ ಎತ್ತಿದ. ಶೇಖಮ್ಮ ಮನೆಯೊಳಗಿನ ನಳದ ಪ್ರಶ್ನೆ ಎತ್ತಿದಳು. ಮರುದಿನ ನಸುಕಿಗೆ ಅಂಬ್ರಪ್ಪ ಸುರಪುರದ ಬಸ್ಸಿನಲ್ಲಿದ್ದ.

ಮಲ್ಕಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಾ ಕೂತಿದ್ದ. ತಲೆ ಎತ್ತದೆ, "ಯಾರ್ರಿ? ಜ್ವಾಳ ಕೊಳ್ಳಾಕ ಬಂದೀರೇನು?" ಎಂದು ಕೇಳಿದ. ಅಂಬ್ರಪ್ಪ ತಾನು ಅಳಿಯನೆಂದು ತಿಳಿಸಿದ. ಮಲ್ಕಪ್ಪ ಹಗ್ಗದ ಇನ್ನೊಂದು ಎಳೆ ಸೇರಿಸಿ, ನಮ್ಮ ತಂಗಿ ಗಂಡ ಭಾರಿ ದೊಡ್ಡ ಮನುಷ್ಯ, ಬಸ್ಸಿನಾಗ ಬರುವವನಲ್ಲ ಅಂದ. ಸೇಡೆಂದರೆ ಇಷ್ಟೇ. ಆಮೇಲೆ ಕೈಕಾಲಿಗೆ ನೀರು ಕೊಟ್ಟು, ಉಣ್ಣಲಿಕ್ಕೆ ಹಾಕಿ, ಕೇಳಿದ್ದಕ್ಕೆ ಒಪ್ಪಿದ. ಹೊಲ ನಿಮ್ಮದೇ ಅಂತ ಬೇಕಾದರೆ ಹೇಳಿಕೊಳ್ಳಿರಿ, ಅದಕ್ಕೇನು ಸವೆತ ಇಲ್ಲ ಅಂದ.

"ಆದ್ರ ಮಾಲಕ ಅಂತ ಹೇಳ್ಕೊಂಡ ಮ್ಯಾಲ ಚರಗ ನೀವೇ ಚೆಲ್ಲಬೇಕು, ಬೀಗರ. ಬರ್ತದಿಲ್ಲೋ?"

ಬರದೆ ಏನು ಎಂದ ಅಂಬ್ರಪ್ಪ. ಅವನಿಗೆ ಬರುತ್ತಿರಲಿಲ್ಲ. ಹಬ್ಬದ ಮೊದಲು ತವರಿಗೆ ಬಂದ ಶೇಖಮ್ಮ ಅವನನ್ನು ಹಿತ್ತಲಲ್ಲಿ ನಿಲ್ಲಿಸಿ, ಬೂದಿ ಕೈಯಲ್ಲಿ ಕೊಟ್ಟು ತಾಲೀಮು ಮಾಡಿಸಿದಳು. ಒಮ್ಮೆ ಕೂಗು ಹಾಕಿ ಮೊದಲ ಹಿಡಿ ಚೆಲ್ಲಿದರೆ ಸುತ್ತು ಮುಗಿಯುವ ತನಕ ಹಿಂದೆ ತಿರುಗಬಾರದು, ಬೇರೆ ಮಾತಾಡಬಾರದು, ನಡುವೆ ನಿಲ್ಲಬಾರದು. ಆ ಮನೆತನದಲ್ಲಿ ಈ ಕಟ್ಟಳೆ ಬಹಳ ಬಿಗಿ.

ಹಬ್ಬದ ದಿನ ಸಾವ್ಕಾರರ ಜೀಪು ಊರಿಗೆ ಬಂತು. ಚರಗದ ಬುಟ್ಟಿ ತಾನೇ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆಂದು ಕಲ್ಯಾಣಮ್ಮ ಹಟ ಹಿಡಿದರು, ಪುಣ್ಯದ ಕೆಲಸ. ಊಟದ ಗಡಿಗೆಗಳು ಬಂಡಿಯಲ್ಲಿ, ಬಂಡಿಯ ಸಂಗಡ ಶೇಖಮ್ಮ ಮತ್ತು ಮಲ್ಕಪ್ಪ, ಅಂಬ್ರಪ್ಪ ಜೀಪಿನಲ್ಲಿ. ಜೀಪು ಮುಂದೆ ಹೋಗಲಿ, ಕೆನಾಲಿನ ಸೇತುವೆ ಹತ್ತಿರ ಬೇವಿನ ಗಿಡ ಇದೆ, ಅದರ ಬುಡಕ್ಕೆ ಕೂತಿರಿ, ನಾವು ಬಂದ ಮೇಲೆ ಹೊಲಕ್ಕೆ ಹೋಗೋಣ ಎಂದು ಮಲ್ಕಪ್ಪ ಬಿಡಿಸಿ ಹೇಳಿದ.

ಬೇವಿನ ಗಿಡದ ಬುಡಕ್ಕೆ ಅವರು ಕೂತರು. ಆದರೆ ಸಾವ್ಕಾರರು ಕೂತಲ್ಲಿ ಕೂಡುವ ಆಸಾಮಿಯಲ್ಲ. ಎದ್ದು ನಾಲ್ಕೂ ದಿಕ್ಕು ನೋಡಿ, ಇದರಾಗ ನಿಂದು ಯಾವುದೋ ಎಂದು ಕೇಳಿದರು.

ಅಂಬ್ರಪ್ಪನೂ ನಾಲ್ಕು ದಿಕ್ಕು ನೋಡಿದ. ಎಲ್ಲ ಕಡೆ ಜೋಳವೇ. ಟೌನಿನ ನಳಗಳನ್ನು ಅವನು ಕತ್ತಲಲ್ಲಿ ಗುರುತು ಹಿಡಿಯಬಲ್ಲ. ಆದರೆ ಒಂದು ಜೋಳದ ಹೊಲ ಇನ್ನೊಂದಕ್ಕಿಂತ ಹೇಗೆ ಬೇರೆ ಎಂದು ಹೇಳುವ ವಿದ್ಯೆ ಅವನ ಅಪ್ಪನ ಎಮ್ಮೆಯ ಜೊತೆಗೇ ಮಾರಿಹೋಗಿತ್ತು. ಕೆನಾಲಿನ ಕೆಳಗೆ ಒಂದು ಹೊಲ ಎಲ್ಲಕ್ಕಿಂತ ಎತ್ತರವಾಗಿ, ತೆನೆ ತುಂಬಿ ತೂಗುತ್ತಿತ್ತು. ಆಳುದ್ದ ಎಂದು ಹೇಳಿಯಾಗಿತ್ತು. ಆಳುದ್ದ ಇದ್ದದ್ದು ಅದೊಂದೇ.

"ಅದೇ ರೀ," ಅಂದ.

ಸಾವ್ಕಾರರು ನಡೆದೇಬಿಟ್ಟರು. ಹೊಲದ ಬದುವಿನಲ್ಲಿ ಜೋಳದ ದಂಟಿನ ಕೊಂಪೆ ಇತ್ತು, ಅದರೊಳಗೆ ಸುಣ್ಣ ಬಳಿದ ಐದು ಕಲ್ಲು, ಕುಂಕುಮ, ಹೂವು. ಮಲ್ಕಪ್ಪ ಮೊದಲೇ ಬಂದು ಎಲ್ಲ ಸಜ್ಜು ಮಾಡಿ ಹೋಗಿದ್ದಾನೆಂದು ಅಂಬ್ರಪ್ಪನ ಜೀವ ತಣ್ಣಗಾಯಿತು. ಪಕ್ಕದಲ್ಲಿ ಸೆರಗು ಹೊದ್ದ ಮುದುಕಿಯೊಬ್ಬಳು ನೀರಿನ ಕೊಡದ ಹತ್ತಿರ ಕೂತಿದ್ದಳು. ಹಕ್ಕಿ ಓಡಿಸಲು ಇಟ್ಟ ಆಳಿರಬೇಕು ಅಂದುಕೊಂಡ.

ಸಾವ್ಕಾರರು, ನನಗೆ ಹೊತ್ತಿಳಿಯುವುದರೊಳಗೆ ಯಾದಗಿರಿ ಸೇರಬೇಕು, ಹೊಲ ನಿಂದು, ಬುಟ್ಟಿ ಇಲ್ಲೇ ಇದೆ, ಇನ್ಯಾರ ಹಾದಿ ಕಾಯುತ್ತಿ ಎಂದು ಕೇಳಿದರು. ಅಂಬ್ರಪ್ಪ ಬೂಟು ಕಳಚಿದ, ಬುಟ್ಟಿ ಹೊತ್ತ, ಕಣ್ಣು ಮುಚ್ಚಿ, "ಹುಲ್ಲುಲ್ಲಿಗೋ" ಎಂದು ಕೂಗಿ ಮೊದಲ ಹಿಡಿ ಚೆಲ್ಲಿಬಿಟ್ಟ. ಮುದುಕಿ ಬಾಯಿ ತೆರೆದಳು. ಅಂಬ್ರಪ್ಪ ಮಾತಾಡಬಾರದೆಂದು ಕೈಯಿಂದಲೇ ಅವಳನ್ನು ಗದರಿಸಿ, ಕೊಡ ಎತ್ತಿಕೊಂಡು ಹಿಂದೆ ಬಾ ಎಂದು ಸನ್ನೆ ಮಾಡಿದ. ಮುದುಕಿ ಅವನ ಮುಖ ನೋಡಿ, ಸೆರಗು ಬಿಗಿದು, ಕೊಡ ಎತ್ತಿ, "ಚಲ್ಲಂಬರಿಗೋ" ಎಂದು ಉತ್ತರ ಕೂಗಿ ಹಿಂದೆ ನಡೆದಳು.

ಸುತ್ತು ದೊಡ್ಡದಿತ್ತು. ಸಾವ್ಕಾರರು ಮೆಚ್ಚಿ ನೋಡುತ್ತಿದ್ದಾರೆಂದು ಅಂಬ್ರಪ್ಪ ಮುಷ್ಟಿ ತುಂಬ ಬಾಚಿ ಬಾಚಿ ಚೆಲ್ಲಿದ. ಬರಿಗಾಲಿಗೆ ಕೊಯ್ದ ಹುಲ್ಲಿನ ಕೂಳೆ ಚುಚ್ಚಿದಾಗ ಅವನ ಕೂಗಿಗೆ ಒಂದು ವಿಶೇಷ ಭಕ್ತಿ ಬರುತ್ತಿತ್ತು. ಹಿಂದೆ ತಿರುಗುವಂತಿಲ್ಲದ್ದರಿಂದ, ಸೇತುವೆಯ ಮೇಲೆ ಬಂದ ಬಂಡಿ ನಿಂತದ್ದು ಕಾಣಲಿಲ್ಲ. ಬಂಡಿಯಲ್ಲಿ ಮಲ್ಕಪ್ಪ ಎದ್ದು ನಿಂತು ತಲೆಯ ಮೇಲೆ ಕೈ ಹೊತ್ತದ್ದೂ ಕಾಣಲಿಲ್ಲ. ಶೇಖಮ್ಮ ಮಾತ್ರ ಕೂತೇ ಇದ್ದಳಂತೆ. ಗಂಡ ಯಾವ ಕೆಲಸವನ್ನಾದರೂ ಇಷ್ಟು ಮನಸಿಟ್ಟು ಮಾಡಿದ್ದನ್ನು ಅವಳು ಅಲ್ಲಿಯ ತನಕ ನೋಡಿರಲಿಲ್ಲ.

ಬುಟ್ಟಿ ಖಾಲಿಯಾಗಿ ಸುತ್ತು ಮುಗಿಯಿತು. ಮುದುಕಿ ಕೊಡ ಕೆಳಗಿಟ್ಟಳು.

"ಈಗ ಮಾತಾಡಬಹುದೇನಪ್ಪ?"

"ಮಾತಾಡಬೇ," ಎಂದ ಅಂಬ್ರಪ್ಪ, ಧಣಿಯ ಗತ್ತಿನಲ್ಲಿ.

"ಭಾಳ ಚಂದ ಚೆಲ್ಲಿದಿ. ನನ್ನ ಗಂಡ ಇದ್ದಾಗೂ ಇಷ್ಟು ಧಾರಾಳ ಚೆಲ್ಲಿದ್ದಿಲ್ಲ. ಯಾರಪ್ಪ ನೀನು?"

ಸಾವ್ಕಾರರು ಮಗ್ಗುಲಲ್ಲೇ ನಿಂತಿದ್ದರು. "ನಾ ಈ ಹೊಲದ ಮಾಲಕ," ಎಂದ.

"ಹೌದಾ," ಎಂದಳು ಮುದುಕಿ, ಬಹಳ ಸಮಾಧಾನದಿಂದ. "ಹಂಗಾರ ನಾ ಯಾರು?"

ಅವಳು ದೇವಕಮ್ಮ. ಹೊಲ ಅವಳದು, ಕೊಂಪೆ ಅವಳದು, ಪಾಂಡವರು ಅವಳವರು. ಮಗ ಚರಗದ ಬುಟ್ಟಿ ತರಲೆಂದು ಮನೆಗೆ ಹೋಗಿದ್ದ, ಅವಳು ಹಾದಿ ಕಾಯುತ್ತಾ ಕೂತಿದ್ದಳು. ನೆಲಕ್ಕೆ ಮೊದಲ ಹಿಡಿ ಬಿದ್ದ ಮೇಲೆ ತಡೆದರೆ ಭೂಮ್ತಾಯಿಯ ತುತ್ತು ಕಿತ್ತುಕೊಂಡ ಹಾಗೆ. ಅದಕ್ಕೇ ಬಾಯಿ ಮುಚ್ಚಿ ಹಿಂದೆ ಬಂದಿದ್ದಳು. ಇಷ್ಟನ್ನು ಅವಳು ಸಾವ್ಕಾರರಿಗೆ ಹೇಳುವಷ್ಟರಲ್ಲಿ ಮಲ್ಕಪ್ಪ ಓಡಿ ಬಂದ. ಅವನ ಹೊಲ ಕೆನಾಲಿನ ಮೇಲಿತ್ತು. ನೀರು ಅದರ ಕೆಳಗಿಂದ ಹರಿದು ಹೋಗುತ್ತಿತ್ತೇ ಹೊರತು ಮೇಲೆ ಹತ್ತುತ್ತಿರಲಿಲ್ಲ. ಅಲ್ಲಿಯ ಜೋಳ ಸೊಂಟದ ತನಕ ಬಂದು, ಇಷ್ಟು ಸಾಕೆಂದು ನಿಂತಿತ್ತು.

"ಬೀಗರ," ಎಂದ ಮಲ್ಕಪ್ಪ, "ನನ್ನ ಹೊಲ ಉಪಾಸ ಕೆಡವಿ ದೇವಕವ್ವನ ಹೊಲಕ್ಕ ಉಣಿಸಿ ಬಂದ್ರಿ. ನಾ ನಿಮಗ ಏನು ಅನ್ಯಾಯ ಮಾಡಿದ್ದೆ ಹೇಳ್ರಿ."

ಅಂಬ್ರಪ್ಪ ಬೂಟು ಹುಡುಕತೊಡಗಿದ.

ಹೊಲ ಉಪವಾಸ ಬಿಡುವ ಹಾಗಿರಲಿಲ್ಲ. ಬಂಡಿಯ ಗಡಿಗೆಗಳಿಂದ ಎಲ್ಲದರಲ್ಲಿ ಅರ್ಧರ್ಧ ತೆಗೆದು ಶೇಖಮ್ಮ ಇನ್ನೊಂದು ಬುಟ್ಟಿ ಕಲಸಿದಳು. ಅದನ್ನು ಗಂಡನ ತಲೆಯ ಮೇಲಿಟ್ಟು, "ಈ ಸಲ ನಾ ಮುಂದ ನಡೀತೀನಿ, ನನ್ನ ಬೆನ್ನು ನೋಡ್ಕೋತ ಬರ್ರಿ. ಬೆನ್ನಿನ ಗುರ್ತರ ಅದಲ್ಲ?" ಎಂದು ಕೇಳಿದಳು. ಅಷ್ಟರೊಳಗೆ ಸುದ್ದಿ ಬದುವಿನಿಂದ ಬದುವಿಗೆ ದಾಟಿತ್ತು. ಸುತ್ತಲಿನ ಹೊಲಗಳ ಮಂದಿ ಊಟ ಬಿಟ್ಟು ಎದ್ದು ಬಂದು ಸಾಲಾಗಿ ನಿಂತರು. ಅಂಬ್ರಪ್ಪ ಚೆಲ್ಲುತ್ತಾ ಮುಂದೆ ಹೋದಂತೆ, ಮಾತಾಡುವ ಹಕ್ಕಿದ್ದವರೆಲ್ಲ ಮಾತಾಡಿದರು.

"ಅಳಿಯಂದ್ರ, ನಮ್ಮದೊಂದು ತುಕಡಿ ಉಳದದ. ಹಂಗೇ ಬರೂಮುಂದ ಮುಗಿಸಿಬಿಡ್ರಿ."

"ಅವರಿಗ್ಯಾಕ ತ್ರಾಸ? ಪೂರಾ ಊರಿಂದು ಗುತ್ತಿಗಿ ಕೊಟ್ಟುಬಿಡೂಣು."

ಅಂಬ್ರಪ್ಪನಿಗೆ ತಿರುಗುವಂತಿಲ್ಲ, ನಿಲ್ಲುವಂತಿಲ್ಲ, ಒಂದು ಮಾತು ಆಡುವಂತಿಲ್ಲ. ಹುಲ್ಲುಲ್ಲಿಗೋ ಅನ್ನುವುದೊಂದೇ ಅವನಿಗೆ ಉಳಿದ ಭಾಷೆ. ಅದನ್ನೇ ಅವನು ಹಲ್ಲು ಕಚ್ಚಿ ಕೂಗಿದ. ಉತ್ತರ ಮಾತ್ರ ಇಡೀ ಸೀಮೆಯಿಂದ ಬಂತು. ಸಾವ್ಕಾರರು ಬೇವಿನ ಗಿಡ ಹಿಡಿದುಕೊಂಡು ಅಳುತ್ತಿದ್ದಾರೋ ನಗುತ್ತಿದ್ದಾರೋ ದೂರಕ್ಕೆ ತಿಳಿಯಲಿಲ್ಲ.

ಅವತ್ತು ಎಲ್ಲರ ಊಟ ದೇವಕಮ್ಮನ ಪಂಕ್ತಿಯಲ್ಲಾಯಿತು. ನನ್ನ ಹೊಲಕ್ಕೆ ಉಣಿಸಿದವರು ಹಸಿದು ಹೋಗಬಾರದೆಂದು ಅವಳು ಬಿಡಲಿಲ್ಲ. ಅಂಬ್ರಪ್ಪ ತಲೆ ತಗ್ಗಿಸಿ ಉಂಡ. ಅವಳು ಅವನ ರೊಟ್ಟಿಯ ಮೇಲೆ ಬೆಣ್ಣೆ ಇಡುವಾಗಲೆಲ್ಲ, ಬರುವ ವರ್ಷವೂ ಇದೇ ಹೊಲ ಎಂದು ಗುರುತು ಹೇಳಿಕೊಟ್ಟಳು.

ತಿರುಗಿ ಹೋಗುವಾಗ ಜೀಪಿನಲ್ಲಿ ಗಂಡ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತಿದ್ದರು. ಶಹಾಪುರದ ಗಲ್ಲಾ ಕೆನಾಲಿನಲ್ಲಿ ತೇಲಿಹೋಯಿತೆಂದು ಅಂಬ್ರಪ್ಪನಿಗೆ ಖಾತ್ರಿಯಾಗಿತ್ತು. ಸುರಪುರ ದಾಟಿದ ಮೇಲೆ ಸಾವ್ಕಾರರು ಕಣ್ಣೊರೆಸಿಕೊಂಡು, ಬರುವ ತಿಂಗಳಿಂದ ಶಹಾಪುರದಲ್ಲಿ ನೀನೇ ಕೂಡು ಎಂದರು. ಅಂಬ್ರಪ್ಪ ತನ್ನ ಯೋಗ್ಯತೆ ಕೊನೆಗೂ ಬೆಳಕಿಗೆ ಬಂತೆಂದು ಅಂಗಿಯ ಕಾಲರ್ ಸರಿಮಾಡಿಕೊಂಡ. ಹಿಸಾಬಿನ ಕೆಲಸ ತಾನು ಚೊಕ್ಕ ಮಾಡುತ್ತೇನೆಂಬುದನ್ನು ಧಣಿಗಳು ಗಮನಿಸಿರಬೇಕು ಎಂದು ವಿನಯದಿಂದ ಸೂಚಿಸಿದ.

"ಹಿಸಾಬಿಗಿ ಬ್ಯಾರೆ ಮನುಷ್ಯಾ ಇಡ್ತೀನಿ," ಎಂದರು ಸಾವ್ಕಾರರು. "ಇವತ್ತು ಅಷ್ಟು ಮಂದಿ ನಿನ್ನ ಮಾರಿ ನೋಡಿ ನಕ್ಕಾರ. ನಾಳಿಗಿ ಅವ್ರು ಗೊಬ್ಬರಕ್ಕ ಎಲ್ಲಿಗಿ ಹೋಗ್ತಾರ ಹೇಳು? ರೊಕ್ಕ ಕೊಟ್ಟು ಹಚ್ಚಿಸಿದ್ರೂ ಇಂಥ ಬೋರ್ಡು ಸಿಗಂಗಿಲ್ಲ."

ಶೇಖಮ್ಮ ಬರೋಬ್ಬರಿ ಅಂದಳು. ನಳ ಮನೆಯೊಳಗೇ ಇದೆ ಅನ್ನುವುದನ್ನು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡಳು.

ಶಹಾಪುರದ ಅಂಗಡಿಯ ಪೂಜೆಯ ದಿನ ಅಂಬ್ರಪ್ಪ ಇಸ್ತ್ರಿ ಅಂಗಿ ತೊಟ್ಟು ಗಲ್ಲಾದ ಮುಂದೆ ಗಂಭೀರವಾಗಿ ಕೂತಿದ್ದ. ಹಿಂದಿನದು ಹಿಂದೆ, ಇಲ್ಲಿ ತಾನೊಬ್ಬ ಮ್ಯಾನೇಜರು ಎಂದು ಮನಸ್ಸಿಗೆ ಮೂರು ಸಲ ಹೇಳಿಕೊಂಡಿದ್ದ. ಮೊದಲ ಗಿರಾಕಿಯಾಗಿ ಒಬ್ಬ ರೈತ ಒಳಗೆ ಬಂದ. ಯಾವ ಊರೆಂದು ಕೇಳಿದರೆ ಹೊಳೆಯ ಆಚೆ ದಂಡೆಯ ಊರು ಹೇಳಿದ. ಎಷ್ಟು ಚೀಲ ಬೇಕೆಂದು ಅಂಬ್ರಪ್ಪ ಕೇಳಿದ. ರೈತ ಚೀಲಗಳ ಕಡೆ ನೋಡಲಿಲ್ಲ, ಕೈಯಲ್ಲಿದ್ದ ಟವೆಲ್ಲು ಹಿಂಡುತ್ತಾ ಸಂಕೋಚಪಟ್ಟ.

"ಮಂದಿ ಹೊಲಕ್ಕ ಚರಗ ಚೆಲ್ಲಿದ ಅಳಿಯಂದ್ರು ನೀವೇ ಏನ್ರಿ? ನಮ್ಮ ಹೆಣಮಕ್ಕಳು ನೋಡಬೇಕಂತ ಟ್ರ್ಯಾಕ್ಟರಿನಾಗ ಕುಂತಾರ್ರಿ. ಜರಾ ಹೊರಗ ಬಂದು ನಿಂತ್ರ, ಇಪ್ಪತ್ತು ಚೀಲ ಒಯ್ತೀವಿ."

ಅಂಬ್ರಪ್ಪ ಸಾವ್ಕಾರರ ಕಡೆ ನೋಡಿದ. ಸಾವ್ಕಾರರು ಆಗಲೇ ಇಪ್ಪತ್ತು ಚೀಲ ಹೊರಗೆ ಹಾಕಿಸುತ್ತಿದ್ದರು. ಅವನು ಎದ್ದು, ಅಂಗಿ ಕೊಡವಿಕೊಂಡು, ಹೊಸ್ತಿಲ ಹೊರಗೆ ಬಿಸಿಲಿಗೆ ಹೋಗಿ ನಿಂತ. ಟ್ರ್ಯಾಕ್ಟರಿನ ಮೇಲಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಒಬ್ಬಾಕೆಗೆ ಸರಿಯಾಗಿ ಕಾಣಲಿಲ್ಲವಂತೆ.

"ಮತಲಬ್ ಜರಾ ಈ ಕಡಿ ತಿರುಗ್ರಿ," ಎಂದಳು ಶೇಖಮ್ಮ, ಮಾಳಿಗೆಯ ಕಿಟಕಿಯಿಂದ, ಶಹಾಪುರಕ್ಕೆಲ್ಲ ಕೇಳುವಂತೆ. "ಹಿಂದ ಕುಂತ ಅಕ್ಕಾರಿಗಿ ಮಾರಿ ಕಾಣವಲ್ದು."

ಅಂಬ್ರಪ್ಪ ತಿರುಗಿ ನಿಂತ.